ಇನ್ನೂರು ರಾತ್ರಿಯ ಠೇವಣಿ

ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಬಳಿ ಹಾಲಿನ ಪ್ಯಾಕೆಟ್ ಒಂದೇ ಇತ್ತು. ನಾನು ಯಾರಿಗೂ ಹೇಳಿರಲಿಲ್ಲ. ಹಾಲಿನವಳು ತಾನೇ ಲೆಕ್ಕ ಹಾಕಿಕೊಂಡಿದ್ದಳು. ಒಲೆ ಹಚ್ಚಿ ಒಂದು ಲೋಟ ಚಹಾ ಮಾಡಿ ನಿಂತುಕೊಂಡೇ ಕುಡಿದೆ. ಯಾವುದೋ ಒಂದು ಸದ್ದು ಕಡಿಮೆಯಾಗಿದೆ ಅನ್ನಿಸುತ್ತಿತ್ತು. ನನ್ನ ಗಂಡ ಮರುಳಸಿದ್ಧನ ನರಳಾಟ ಇರಬೇಕು ಅಂದುಕೊಂಡೆ. ಅದಲ್ಲ. ಪಕ್ಕದ ಮನೆಯ ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು. ಹಾಲಮ್ಮ ಭಟ್ಟಿ ಹಚ್ಚಿರಲಿಲ್ಲ.

ಹೋಗಿ ನೋಡಿದೆ. ಹಾಲಮ್ಮ ಜಗುಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಪಕ್ಕದಲ್ಲಿ ಬಟ್ಟೆ ತುಂಬಿದ ವೈರ್ ಬ್ಯಾಗು, ಅದರ ಮೇಲೆ ಮಡಚಿದ ದುಪ್ಪಟಿ.

"ಎಲ್ಲಿಗೆ ಹೊರಟ್ರಿ ದೊಡ್ಡವ್ವ?"

"ಆಸ್ಪತ್ರೆಗೆ. ಹೊಟ್ಟ್ಯಾಗೆ ಗಡ್ಡೆ ಐತಂತೆ. ಕೊಯ್ಯೋ ಡಾಕ್ಟ್ರು ಇವತ್ತು ಬರ್ತಾರಂತೆ. ಮತ್ತೆ ಬರೋದು ಮುಂದಿನ ತಿಂಗಳು. ಅಲ್ಲಿಗಂಟ ನಾನು ತಡಿಯಲ್ಲಂತೆ." ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. "ನೀ ಯಾಕವ್ವ ಇಷ್ಟು ಬೇಗ ಹೊರಗ್ ಬಂದೆ? ಒಳಗ್ ಹೋಗು."

"ನಿದ್ದೆ ಇದೆಯಾ?" ಎಂದು ಕೇಳಿದೆ.

ಹಾಲಮ್ಮ ಬೀದಿಯ ಕಡೆ ಮುಖ ತಿರುಗಿಸಿದರು. "ನೋಡ್ಕೊಂಡ್ರಾತು. ಯಾರಾದ್ರೂ ಕೊಡ್ತಾರೆ."

"ಯಾರು ಕೊಡ್ತಾರೆ?"

"ಏ, ಪೊಲೀಸ್ನೋರ ಹಂಗೆ ಕೇಳ್ತೀಯಲ್ಲೇ!"

ನಮ್ಮೂರ ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಳ್ಳುವವರು ತಮ್ಮ ನಿದ್ದೆಯನ್ನು ತಾವೇ ತರಬೇಕು. ಒಂದು ಇಡೀ ರಾತ್ರಿ, ನಡುವೆ ಎಲ್ಲೂ ಹರಿಯದ್ದು. ಹರಿದ ನಿದ್ದೆ ತಂದವರು ಕತ್ತಿಯ ಕೆಳಗೇ ಎಚ್ಚರವಾದದ್ದುಂಟು. ಆದ್ದರಿಂದ ಡಾಕ್ಟರು ಅಂಥದ್ದನ್ನು ಮುಟ್ಟುವುದಿಲ್ಲ. ನೋವಿರುವ ಮೈಯಲ್ಲಿ ಹೊಸ ನಿದ್ದೆ ಹುಟ್ಟುವುದಿಲ್ಲ. ಹಾಲಮ್ಮನ ಹಳೆಯ ನಿದ್ದೆ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಅದನ್ನೆಲ್ಲ ಮರುಳಸಿದ್ಧ ಕೈಗಡ ತಂದು ಮಲಗಿಬಿಟ್ಟಿದ್ದ.

ಅವನದೇ ನಿದ್ದೆ ಇರಲಿಲ್ಲವೆಂದಲ್ಲ. ನೂಲಿನ ಮಿಲ್ಲಿನಲ್ಲಿ ಅವನದು ರಾತ್ರಿ ಪಾಳಿ. ಮಲಗದೆ ಉಳಿಸಿದ ರಾತ್ರಿಯನ್ನು ಬೆಳಗ್ಗೆ ಮನೆಗೆ ಬರುವ ದಾರಿಯಲ್ಲಿ ಬ್ಯಾಂಕಿನ ಕೌಂಟರಿನ ಕಲ್ಲಿಗೆ ಹಣೆ ಒತ್ತಿ ಕಟ್ಟಿ ಬರುತ್ತಿದ್ದ. ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ, ವಯಸ್ಸಾದ ಕಾಲಕ್ಕೆ ಇರಲಿ, ಮಗಳ ಬಾಣಂತನಕ್ಕೆ ಇರಲಿ ಎಂದು. ಹಾಗೆ ಕಟ್ಟಿದ ಇನ್ನೂರು ರಾತ್ರಿಗಳನ್ನು ಅವನು ಐದು ವರ್ಷದ ಠೇವಣಿಯಲ್ಲಿ ಇಟ್ಟಿದ್ದ. ನೂರಕ್ಕೆ ವರ್ಷಕ್ಕೆ ಏಳು ರಾತ್ರಿ ಬಡ್ಡಿ. ಅಂಥ ರೇಟು ಆಮೇಲೆ ಯಾರಿಗೂ ಸಿಗಲಿಲ್ಲ.

ಕಾಯಿಲೆ ಬಂದು ಅವನ ಕಣ್ಣು ಮುಚ್ಚದಾದಾಗ ಠೇವಣಿ ಮುರಿಸೋಣ ಎಂದೆ. "ಹುಚ್ಚು ಹಿಡಿದಿದೆಯಾ? ದಂಡ ಹಾಕ್ತಾರೆ," ಎಂದ. "ಇನ್ನೊಂದೇ ವರ್ಷ. ಹೇಗೋ ತಳ್ಳೋಣ."

ದಂಡ ನೂರಕ್ಕೆ ಒಂದೇ. ಆದರೆ ಆ ಒಂದನ್ನು ಕೊನೆಯಿಂದ ಕತ್ತರಿಸುವುದಿಲ್ಲ. ಪ್ರತಿ ರಾತ್ರಿಯಿಂದಲೂ ಅಲ್ಲಲ್ಲಿ ಚೂರು ಚೂರು ತೆಗೆಯುತ್ತಾರೆ. ದಂಡ ತೆತ್ತು ತಂದ ನಿದ್ದೆ ಜರಡಿಯಂತಿರುತ್ತದೆ. ನಾಯಿ ಬೊಗಳಿದರೆ ಎದ್ದು ಕೂರಬೇಕು, ನಲ್ಲಿ ತೊಟ್ಟಿಕ್ಕಿದರೆ ಎದ್ದು ಕೂರಬೇಕು. ಠೇವಣಿಯ ಮೇಲೆ ಸಾಲವನ್ನೂ ಕೊಡುತ್ತಾರೆ, ಎರಡರಷ್ಟು ಬಡ್ಡಿಗೆ. ಮರುಳಸಿದ್ಧನಿಗೆ ಅದೂ ಬೇಡವಾಯಿತು. ನನ್ನಲ್ಲಿದ್ದದ್ದು ಮುಗಿದ ಮೇಲೆ, ಕೊನೆಗೆ ಹಾಲಮ್ಮನನ್ನು ಕೇಳಿದೆವು. ಅವರು ಬ್ಯಾಂಕನ್ನು ನಂಬಿದವರಲ್ಲ. ಮಕ್ಕಳಿಲ್ಲದ ಹೆಂಗಸು, ಉಳಿಸಿದ್ದನ್ನೆಲ್ಲ ಮೈಯಲ್ಲೇ ಇಟ್ಟುಕೊಂಡಿದ್ದರು. ದಿನಾ ಸಂಜೆ ಬಂದು ಹಾಸಿಗೆಯ ಪಕ್ಕ ಕೂತು ಅವನ ಹಣೆಗೆ ಹಣೆ ತಾಗಿಸಿ, "ತಗೋ ಮಗನೇ, ನಂದೇನು, ಭಟ್ಟಿ ಮುಂದೆ ಕುಂತಿರ್ತೀನಿ," ಎಂದು ಕೊಟ್ಟು ಹೋಗುತ್ತಿದ್ದರು. ಅವನು ಹಾಲಮ್ಮನ ನಿದ್ದೆ ಮಲಗಿದ. ಅವನ ನಿದ್ದೆ ಬ್ಯಾಂಕಿನಲ್ಲಿ ಬೆಳೆಯುತ್ತಿತ್ತು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ವರ್ಷ ತುಂಬುವ ಮುಂಚೆ ಅವನು ತೀರಿಕೊಂಡ, ಅಷ್ಟೆ.

"ಎಷ್ಟು ಹೊತ್ತಿನೊಳಗೆ ತೋರಿಸ್ಬೇಕಂತೆ?" ಎಂದು ಕೇಳಿದೆ.

"ಮಧ್ಯಾಹ್ನದ ಒಳಗೆ. ಇಲ್ಲಂದ್ರೆ ಬ್ಯಾರೇರಿಗೆ ಹಾಸಿಗೆ ಕೊಡ್ತಾರಂತೆ. ನೋಡು ಚಂದ್ರಕಲಾ, ನೀನು ಅದನ್ನೆಲ್ಲ ತಲಿಗೆ ಹಚ್ಕಬ್ಯಾಡ. ಹೋದೋನ ಜತಿಗೆ ಕೈಗಡಾನೂ ಹೋತು. ನಾ ಕೇಳ್ದೆನಾ?"

"ನೀವು ಕೇಳಲಿಲ್ಲ," ಎಂದೆ. ಅವರನ್ನು ಆಟೋ ಹತ್ತಿಸಿ, ಮನೆಗೆ ಬೀಗ ಹಾಕಿ, ಬ್ಯಾಂಕಿಗೆ ಹೋದೆ.

ಬ್ಯಾಂಕಿನ ಬಾಗಿಲ ಪಕ್ಕ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ವಾರದ ಬಡ್ಡಿ ಬರೆದಿರುತ್ತಾರೆ. ಅವತ್ತು ನಾಲ್ಕನ್ನು ಅಳಿಸಿ ಮೂರೂವರೆ ಮಾಡಿದ್ದರು. ಸಾಲು ಬೀದಿಯ ತನಕ ಬಂದಿತ್ತು. ಹಲಗೆಯ ಕೆಳಗೆ ನಿವೃತ್ತ ಲೆಕ್ಕದ ಮೇಷ್ಟ್ರು ಕೊಟ್ರಪ್ಪ ಕೊಡೆಯನ್ನು ನೆಲಕ್ಕೆ ಕುಟ್ಟುತ್ತ ನಿಂತಿದ್ದರು.

"ಮೂರೂವರೆ! ಆ ಅರ್ಧ ರಾತ್ರಿ ಇಟ್ಕೊಂಡು ನಾನೇನ್ ಮಾಡ್ಲಿ? ಅರ್ಧ ರಾತ್ರಿಗೆ ಎದ್ದು ಕೂತು ಇವರ ಹಲಗೆ ಒರೆಸ್ಲಾ?"

"ಬೇಕಿದ್ರೆ ಹತ್ತು ವರ್ಷಕ್ಕೆ ಇಡಿ ಮೇಷ್ಟ್ರೇ, ಕಾಲು ಜಾಸ್ತಿ ಕೊಡ್ತಾರೆ," ಎಂದಳು ಹೂ ಮಾರುವ ಪಾರವ್ವ.

"ಹತ್ತು ವರ್ಷ ಆದ್ಮೇಲೆ ನಂಗೆ ಇವರ ನಿದ್ದೆ ಯಾಕೆ ಬೇಕೇ? ಆಗ ನನ್ನದೇ ದೊಡ್ಡದು ಬಂದಿರುತ್ತೆ, ಬಡ್ಡಿ ಇಲ್ಲದ್ದು."

ಸಾಲು ನಕ್ಕಿತು. ನನ್ನನ್ನು ನೋಡಿ ನಗು ನಿಂತಿತು. ನಾನು ಒಂದು ರಾತ್ರಿ ಕೈಗಡ ಸಿಗುತ್ತದೆಯೇ ಎಂದು ಸಾಲಿನುದ್ದಕ್ಕೂ ಕೇಳುತ್ತ ಹೋದೆ. ಇಲ್ಲ ಅನ್ನುವಾಗ ಯಾರೂ ಕಣ್ಣು ತಪ್ಪಿಸಲಿಲ್ಲ, ನಿಜವಾಗಿಯೂ ಇರಲಿಲ್ಲ. ರೇಟು ಇಳಿದ ಹಾಗೆಲ್ಲ ಕಾಲು ರಾತ್ರಿಯ ಆಸೆಗೆ ಎಲ್ಲರೂ ಇನ್ನೂ ಉದ್ದದ ಅವಧಿಗೆ ಇಟ್ಟುಬಿಟ್ಟಿದ್ದರು. ಅವತ್ತು ಕಟ್ಟಲು ತಂದದ್ದೂ ಕಾಲು, ಅರ್ಧ ರಾತ್ರಿಯ ಚೂರುಗಳೇ; ಕೈಯಲ್ಲಿ ಒಂದು ಇಡೀ ರಾತ್ರಿ ಇಟ್ಟುಕೊಂಡವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ನನ್ನಲ್ಲೂ ಇರಲಿಲ್ಲ. ಅವನು ಹೋದಾಗಿನಿಂದ ನನಗೆ ನಿದ್ದೆ ಹುಟ್ಟಿರಲಿಲ್ಲ.

ಮ್ಯಾನೇಜರ್ ಗುರುಶಾಂತಪ್ಪನವರದು ಊರಿನಲ್ಲೇ ಅತ್ಯಂತ ತಿಳಿಯಾದ ಕಣ್ಣು. ಕುರ್ಚಿ ತೋರಿಸಿ, ತಾವೂ ಎದ್ದು ನಿಂತು, ಮತ್ತೆ ಕೂತರು. "ವಿಷಯ ಕೇಳಿ ತುಂಬಾ ಬೇಜಾರಾಯ್ತಮ್ಮ. ಮರುಳಸಿದ್ಧ ಅಂದ್ರೆ ಶಿಸ್ತು. ಒಂದು ವಾರ ಕೂಡ ತಪ್ಪಿಸಿದವರಲ್ಲ."

"ಅವರ ಠೇವಣಿಯಿಂದ ಒಂದು ರಾತ್ರಿ ಬೇಕು. ಇವತ್ತೇ."

"ಒಂದು ತೆಗೆದ್ರೆ ಅದು ಮುರಿದ ಹಾಗೆ. ದಂಡ ಬೀಳುತ್ತೆ."

"ದಂಡ ಬಿದ್ದದ್ದು ಆಸ್ಪತ್ರೆಯಲ್ಲಿ ನಡೆಯೋದಿಲ್ಲ."

"ಅದಕ್ಕೇ ಹೇಳ್ತಿರೋದು, ಮುಟ್ಟಬೇಡಿ. ನಾಮಿನಿ ನೀವೇ. ನಿಮ್ಮ ಹೆಸರಿಗೆ ಮಾಡಿ ಇನ್ನೈದು ವರ್ಷ ಮುಂದುವರಿಸಿಬಿಡೋಣ. ಚಿಕ್ಕ ವಯಸ್ಸು. ಮುಂದೆ ಬೇಕಾಗುತ್ತೆ."

"ನಾಮಿನಿಗೆ ದಂಡ ಇಲ್ಲ ಅಲ್ವಾ?"

"ಇಲ್ಲ. ಆದ್ರೆ ಬಿಡಿ ಬಿಡಿಯಾಗಿ ಕೊಡೋ ಹಾಗಿಲ್ಲ, ತೀರಿಕೊಂಡವರ ಖಾತೆ ಮೇಲೆ ಸಾಲಾನೂ ಇಲ್ಲ. ಖಾತೆ ಮುಚ್ಚಬೇಕು, ಅಷ್ಟನ್ನೂ ಒಂದೇ ಸಲ ತಗೋಬೇಕು. ಅದೂ ನಿಮ್ಮ ಹಣೆಗೇ, ಬೇರೆಯವರ ಹಣೆಗೆ ಕೊಡಲ್ಲ. ಇನ್ನೂರು ರಾತ್ರಿ ಅಮ್ಮಾ! ಹೋದ ವರ್ಷ ಒಬ್ಬರು ಅಪ್ಪನದು ಅರವತ್ತು ತಗೊಂಡು ನಮ್ಮ ಗೇಟು ದಾಟಲಿಲ್ಲ. ಅಲ್ಲೇ ಬಿದ್ದವರು, ಎರಡು ತಿಂಗಳು ಸೈಕಲ್ ಸ್ಟ್ಯಾಂಡಿನಲ್ಲೇ ಮಲಗಿದ್ರು. ಮಳೆ ಬಂದಾಗ ನಾವೇ ತಾಡಪಾಲು ಹೊದಿಸಿದ್ದು."

"ಆಸ್ಪತ್ರೆ ತನಕ ಎಚ್ಚರವಾಗಿದ್ರೆ ಸಾಕಲ್ವಾ?"

"ಯಾರೂ ಇದ್ದಿಲ್ಲ."

"ಮುಚ್ಚಿ ಕೊಡಿ," ಎಂದೆ.

"ಇನ್ನೊಂದು ವಿಷಯ." ಅವರ ದನಿ ತಗ್ಗಿತು. "ತೀರಿಕೊಂಡವರ ಖಾತೆಗೆ ಹಳೇ ರೇಟು ಅನ್ವಯಿಸೋದಿಲ್ಲ. ಇವತ್ತಿನ ರೇಟು ಹಾಕ್ಬೇಕಾಗುತ್ತೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಕೊಟ್ರಪ್ಪ ಮೇಷ್ಟ್ರು ಒಳಗೇ ಬಂದುಬಿಟ್ಟರು. "ಥೂ! ಸತ್ತವನ ಬಡ್ಡೀಲೂ ಅರ್ಧ ಕಿತ್ಕೊಳ್ತೀರೇನ್ರೀ? ಏಳು ಅಂತ ಬರೆದುಕೊಟ್ಟಿದ್ದು ಯಾರು, ನಮ್ಮಪ್ಪನಾ?"

"ಮೇಷ್ಟ್ರೇ, ಇದು ಮೇಲಿನವರ ಆದೇಶ."

"ಬಡ್ಡಿ ನೀವೇ ಇಟ್ಕೊಳ್ಳಿ," ಎಂದೆ. "ಪೂರ್ತಿ ಇಟ್ಕೊಳ್ಳಿ. ಅಸಲಿಗೆ ತೂತು ಮಾಡಬೇಡಿ."

ಗುರುಶಾಂತಪ್ಪ ತಲೆ ತಗ್ಗಿಸಿದರು. ಅವರು ಕೆಟ್ಟವರಲ್ಲ. ಮೂರೂವರೆಯನ್ನು ಕೂಡಿಸಿಯೇ ಕೊಡುವಂತೆ ಗುಮಾಸ್ತೆಗೆ ಹೇಳಿದರು. ಮುಂದಿನದಕ್ಕೆ ಬ್ಯಾಂಕು ಹೊಣೆಯಲ್ಲ ಎಂಬ ಕಡೆ ನನ್ನ ಸಹಿ ಹಾಕಿಸಿಕೊಂಡರು.

ಕೌಂಟರಿನ ಕಲ್ಲು ಸಾವಿರಾರು ಹಣೆ ತಾಗಿ ನಡುವೆ ತಗ್ಗಾಗಿದೆ. ನಾನು ಬಗ್ಗಿ ಹಣೆ ಇಟ್ಟೆ. ಮೊದಲು ತಣ್ಣಗಿತ್ತು. ಆಮೇಲೆ ಹುಬ್ಬುಗಳ ಹಿಂದೆ ಒದ್ದೆ ಕಂಬಳಿಯನ್ನು ಒಂದರ ಮೇಲೊಂದು ಹಾಕಿದ ಹಾಗೆ ಭಾರ ಇಳಿಯತೊಡಗಿತು. ಅದು ಅವನದೇ ಎಂದು ಗೊತ್ತಾಗುತ್ತಿತ್ತು. ಮಿಲ್ಲಿನ ಎಣ್ಣೆಯ ವಾಸನೆ, ಹತ್ತಿಯ ಧೂಳು. ಮೂಳೆ ಮೂಳೆಯೂ ಕೂರು ಅನ್ನುತ್ತಿತ್ತು. ಗುಮಾಸ್ತೆ ಮುಗಿಯಿತು ಎಂದಾಗ ತಲೆ ಎತ್ತಲು ಎರಡೂ ಕೈ ಕಲ್ಲಿಗೆ ಊರಬೇಕಾಯಿತು.

"ಆಟೋ ಕರೀರಿ," ಎಂದು ಯಾರೋ ಕೂಗಿದರು.

"ಕೂತರೆ ಮುಗೀತು. ನಡೀಲಿ!" ಕೊಟ್ರಪ್ಪ ಮೇಷ್ಟ್ರು ಕೊಡೆಯ ತುದಿಯಿಂದ ನನ್ನ ಮೊಣಕೈ ತಿವಿದರು. "ನಡಿಯಮ್ಮ. ಎಂ.ಎಸ್ಸಿ. ಓದಿದವಳು ಅಲ್ವಾ ನೀನು? ಸಂಖ್ಯಾಶಾಸ್ತ್ರ? ನಡೀತಾ ಲೆಕ್ಕ ಮಾಡು. ನೂರು ರಾತ್ರಿ, ಏಳರಂತೆ, ಐದು ವರ್ಷ, ಚಕ್ರಬಡ್ಡಿ. ಎಷ್ಟಾಯ್ತು?"

ಮೆಟ್ಟಿಲು ಇಳಿದೆ. ರಸ್ತೆ ಹತ್ತಿ ತುಂಬಿದ ಹಾಸಿಗೆಯ ಹಾಗೆ ಮೆತ್ತಗೆ ಕಂಡಿತು.

"ಎಷ್ಟು?"

"ನೂರಾ... ನಲವತ್ತು. ಚಿಲ್ಲರೆ."

"ಚಿಲ್ಲರೆ ಎಷ್ಟು? ಚಿಲ್ಲರೇಲೇ ನಮ್ಮನ್ನ ಮುಳುಗಿಸ್ತಿರೋದು!"

"ಕಾಲು."

"ಈಗ ಮೂರೂವರೆಯಂತೆ ಹೇಳು."

ಸಾಲು ಒಡೆದು ಅರ್ಧ ಜನ ನಮ್ಮ ಹಿಂದೆ ಬಂದಿದ್ದರು. ಹಣೆ ಕೊಟ್ಟು ಬರಬೇಕಾದವರು ಕೊಡದೆಯೇ ಬಂದಿದ್ದರು. ಪೇಟೆ ಬೀದಿಯಲ್ಲಿ ಅಂಗಡಿಯವರು ಹೊರಗೆ ಬಂದು ನೋಡಿದರು. ನನ್ನ ಎಡಗಾಲು ಮಲಗಿತ್ತು. ಅದನ್ನು ಎಳೆದುಕೊಂಡು ನಡೆಯುತ್ತಿದ್ದೆ. ಮಂಡಿ ಬಗ್ಗಿದಾಗಲೆಲ್ಲ ಪಾರವ್ವ ಹೂವಿಗೆ ಚಿಮುಕಿಸುವ ನೀರನ್ನು ಮುಖಕ್ಕೆ ಎರಚುತ್ತಿದ್ದಳು.

"ಮಲಗಬ್ಯಾಡ್ರಿ ಅಕ್ಕಾ! ನೀವು ಏಳೋ ಹೊತ್ತಿಗೆ ಇವ್ರು ರೇಟು ಸೊನ್ನೆ ಮಾಡಿರ್ತಾರೆ!"

"ಸೊನ್ನೆ ಆದ್ರೂ ಪರವಾಗಿಲ್ಲ," ಎಂದ ಹಿಂದಿನಿಂದ ಒಬ್ಬ. "ಮುಂದೆ ಇಟ್ಟಿದ್ದಕ್ಕೆ ಬಾಡಿಗೆ ಕೇಳ್ತಾರೆ ನೋಡ್ರಿ."

"ಮೂರೂವರೆಯಂತೆ ಎಷ್ಟು?" ಮೇಷ್ಟ್ರು ಕಿವಿಯ ಹತ್ತಿರವೇ ಕೂಗಿದರು. ಅವರ ಕೊಡೆ ನನ್ನ ಪಕ್ಕೆಗೆ ಚುಚ್ಚುತ್ತಲೇ ಇತ್ತು.

"ನೂರಾ ಹದಿನೆಂಟೂ... ಮುಕ್ಕಾಲು."

"ವ್ಯತ್ಯಾಸ?"

"ಇಪ್ಪತ್ತೊಂದೂವರೆ."

"ಆ ಇಪ್ಪತ್ತೊಂದೂವರೆ ರಾತ್ರಿ ಎಲ್ಲಿ ಹೋಯ್ತು?"

ಇಡೀ ಗುಂಪು ಒಂದೇ ದನಿಯಲ್ಲಿ ಕೂಗಿತು: "ಮ್ಯಾನೇಜರ್ ಮಲಗಿದ!"

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಅದು, ಬಂದದ್ದೇ ಅಪಾಯವಾಯಿತು. ನಗುವಾಗ ಕಣ್ಣು ಕಿರಿದಾದವು, ಕಿರಿದಾದ ಕಣ್ಣು ಮತ್ತೆ ಅಗಲವಾಗಲಿಲ್ಲ. ನಾವು ಆಗ ಮಿಲ್ಲಿನ ಗೇಟಿನ ಮುಂದಿದ್ದೆವು. ರೆಪ್ಪೆಗಳ ಸಂದಿಯಲ್ಲಿ ಒಂದು ಅಂಗಳ ಕಂಡಿತು, ಅಂಗಳದಲ್ಲಿ ಅವನು ಅಂಗಿಯ ತೋಳು ಮಡಚಿಕೊಂಡು ಬೆನ್ನು ಮಾಡಿ ನಿಂತಿದ್ದ. ಅವನು ಕಾಣದೆ ಹೋದ ಕನಸು ಅದು, ಇನ್ನೂರರಲ್ಲಿ ಮೊದಲನೆಯದು. ಅವನು ನನ್ನ ಕಡೆ ತಿರುಗುತ್ತಿದ್ದ. ಏನೋ ಹೇಳುವವನಿದ್ದ. ಕಣ್ಣನ್ನು ಇನ್ನೊಂದು ಎಳೆಯಷ್ಟು ಮುಚ್ಚಿದರೆ ಮುಖ ಕಾಣುತ್ತಿತ್ತು. ಹಾಸಿಗೆ ಹಿಡಿದ ಕೊನೆಯ ದಿನಗಳ ಮುಖವಲ್ಲ, ಮೊದಲಿನದು. ಇದು ನನ್ನದೇ ಅಲ್ಲವೇ ಅನ್ನಿಸಿತು. ನಾಮಿನಿ ನಾನು. ಇಲ್ಲೇ ಗೇಟಿನ ಪಕ್ಕ ಮಲಗಿದರೆ ಇನ್ನೂರು ರಾತ್ರಿ ಅವನ ಜೊತೆ ಇರಬಹುದು. ಯಾರೂ ತಪ್ಪು ಅನ್ನುವುದಿಲ್ಲ. ಹಾಲಮ್ಮ ಕೂಡ ಅನ್ನುವುದಿಲ್ಲ.

ಹಾಲಮ್ಮ ಅನ್ನುವುದಿಲ್ಲ ಎಂಬುದೇ ನನ್ನನ್ನು ಎಬ್ಬಿಸಿತು. ಅವರು ಆ ಹಾಸಿಗೆಯ ಮೇಲೆ ಯಾರನ್ನೂ ಏನೂ ಕೇಳದೆ ಮಧ್ಯಾಹ್ನ ಮಾಡುತ್ತಾರೆ, ಆಮೇಲೆ ವೈರ್ ಬ್ಯಾಗು ಎತ್ತಿಕೊಂಡು ಮನೆಗೆ ಬರುತ್ತಾರೆ. ನಾನು ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿದೆ. ರಕ್ತ ಬಂತು. ಅಂಗಳ ಮಾಯವಾಯಿತು, ಅವನು ತಿರುಗುವ ಮುಂಚೆಯೇ.

"ಇನ್ನೊಂದು ಲೆಕ್ಕ ಕೊಡಿ ಮೇಷ್ಟ್ರೇ," ಎಂದೆ. "ಕಷ್ಟದ್ದು."

ಆ ಮುದುಕರ ದನಿ ಆಗಲೇ ಒಡೆದಿತ್ತು. ಆದರೂ ಕೊಟ್ಟರು. ಹತ್ತು ವರ್ಷದ್ದು, ನಡುವೆ ಮೂರು ಸಲ ರೇಟು ಬದಲಾದದ್ದು, ಆರನೆಯ ವರ್ಷ ಮುರಿದು ದಂಡ ತೆತ್ತದ್ದು. ಅದನ್ನು ಬಿಡಿಸುತ್ತಲೇ ಕೆರೆ ಏರಿ ದಾಟಿದೆ. ಉತ್ತರ ಬರುವ ಮೊದಲು ಆಸ್ಪತ್ರೆಯ ಮೆಟ್ಟಿಲು ಬಂತು.

ಒಳಗೆ ಹಾಲಮ್ಮನ ಮಂಚದ ಬಳಿ ನರ್ಸು ಚಾದರ ಮಡಚುತ್ತಿದ್ದಳು. "ಅಜ್ಜಿ, ಹಟ ಮಾಡ್ಬೇಡಿ. ನಿದ್ದೆ ಇಲ್ದೆ ಹೇಗೆ ಮಾಡೋದು?"

"ಎಚ್ಚರಾಗಿದ್ದಾಗ್ಲೇ ಕೊಯ್ರವ್ವ. ನಾ ಕೂಗಲ್ಲ. ಭಟ್ಟಿ ಮರಳು ಕೈ ಮ್ಯಾಲೆ ಬಿದ್ದಾಗ್ಲೂ ಕೂಗಿಲ್ಲ."

"ಡಾಕ್ಟ್ರು ಒಪ್ಪಲ್ಲ."

ನಾನು ಮಂಚದ ಕಂಬಿ ಹಿಡಿದುಕೊಂಡೆ. ಹಾಲಮ್ಮ ನನ್ನ ಮುಖ ನೋಡಿದರು, ತುಟಿಯ ಮೇಲಿನ ರಕ್ತ ನೋಡಿದರು, ಬಾಗಿಲ ತುಂಬ ನಿಂತಿದ್ದ ಜನರನ್ನು ನೋಡಿದರು. "ಏನಿದು ಮೆರವಣಿಗಿ? ಏನ್ ಮಾಡ್ಕೊಂಡು ಬಂದ್ಯೇ ಚಂದ್ರಕಲಾ?"

"ಮಲಗಿಕೊಳ್ಳಿ ದೊಡ್ಡವ್ವ. ಅವರು ನಿಮ್ಮ ಹತ್ರ ತಗೊಂಡಿದ್ದು ತಂದಿದ್ದೀನಿ."

"ಪೂರ್ತಿ ತೆಗ್ಸಿದ್ಯಾ? ಅಷ್ಟೂ? ಲೇ, ಅದು ನಿನ್ನ ಬಾಳಿಗೆ ಅಂತ ಅವ್ನು ಇಟ್ಟಿದ್ದಲ್ಲೇ..." ಏಳಲು ನೋಡಿದರು. ನಾನು ಅವರ ಭುಜ ಒತ್ತಿ ಮಲಗಿಸಿದೆ. ನನಗೂ ನಿಲ್ಲಲು ಆಗುತ್ತಿರಲಿಲ್ಲ. ಮಂಚದ ಪಕ್ಕ ಮಂಡಿಯೂರಿ, ಅವರ ಹಣೆಗೆ ಹಣೆ ತಾಗಿಸಿದೆ. ಅವರ ಹಣೆ ಸುಡುತ್ತಿತ್ತು, ಹುರಿದ ಅಕ್ಕಿಯ ವಾಸನೆ ಬರುತ್ತಿತ್ತು.

"ಒಂದೇ ರಾತ್ರಿ ಸಾಕು," ಎಂದರು ಹಾಲಮ್ಮ. "ಹೆಚ್ಚು ಕೊಡಬ್ಯಾಡ."

"ಅವರು ತಗೊಂಡಿದ್ದು ಒಂದೇ ರಾತ್ರಿಯಾ?"

"ನಾ ಎಣಿಸಿಟ್ಟಿಲ್ಲ ಬಿಡು." ಅವರ ದನಿ ಆಗಲೇ ಭಾರವಾಗುತ್ತಿತ್ತು. ಆದರೂ ಕಣ್ಣಲ್ಲಿ ತುಂಟತನ ಬಂತು. "ಅದಿರ್ಲಿ. ಬಡ್ಡಿ ಎಲ್ಲಿ?"

"ಮೂರೂವರೆಯಂತೆ ಕೊಟ್ಟಿದ್ದಾರೆ."

"ಮೂರೂವರೆ!" ಹಾಲಮ್ಮ ನಕ್ಕರು. "ಅದಕ್ಕೇ ನಾನು ಬ್ಯಾಂಕಿಗೆ..."

ನಗು ನಡುವೆಯೇ ಗೊರಕೆಯಾಯಿತು. ಹೊಟ್ಟೆಯ ಮೇಲಿದ್ದ ಕೈ ಜಾರಿ ಚಾದರದ ಮೇಲೆ ಬಿತ್ತು. ನರ್ಸು ಅವರ ತೋಳನ್ನು ಜೋರಾಗಿ ಚಿವುಟಿದಳು, ಇನ್ನೊಮ್ಮೆ ಚಿವುಟಿದಳು, ಬಾಗಿಲಲ್ಲಿ ನಿಂತ ಡಾಕ್ಟರ ಕಡೆ ತಿರುಗಿ ತಲೆಯಾಡಿಸಿದಳು. "ಗಟ್ಟಿಯಾಗಿದೆ. ಎಲ್ಲೂ ಹರಿದಿಲ್ಲ. ಸಾಕಮ್ಮ, ಏಳಿ, ಒಳಗೆ ಕರ್ಕೊಂಡು ಹೋಗ್ತೀವಿ."

"ಒಂದು ನಿಮಿಷ," ಎಂದೆ. ಹಣೆ ತೆಗೆಯಲಿಲ್ಲ. ಇನ್ನೂ ಕೊಡುವುದಿತ್ತು.